ತಾಯಿ ಮಾತು, ಲ್ಯಾಬ್ ರಿಪೋರ್ಟು
ಬೀದರ್ ಹಾಸ್ಟೆಲಲ್ಲಿ ಭಾಲ್ಕಿ, ಔರಾದ್ ಗೆಳೆಯರ ಜೊತೆ ‘ದೇವಕಿ’ (2019) ನೋಡಿದ್ವಿ. ಕಾಣೆಯಾದ ಮಗಳನ್ನು ಕೋಲ್ಕತ್ತಾದಲ್ಲಿ ಹುಡುಕೋ ತಾಯಿಯ ಕಥೆ. ಆ ತಾಯಿಯನ್ನೇ ಜನ ನಂಬದಿದ್ರೆ? ಅಂಥದ್ದೊಂದು ನಿಜವಾದ ಕೇಸ್ ಇದೆ, ನೋಡ್ರಿ.

1980ರಲ್ಲಿ ಆಸ್ಟ್ರೇಲಿಯಾದ ಉಲುರು ಬಂಡೆ ಹತ್ತಿರ ಟೆಂಟಿನಿಂದ 9 ವಾರದ ಅಜಾರಿಯಾ ಕಾಣೆಯಾದಳು. ಡಿಂಗೊ, ಅಂದ್ರೆ ಅಲ್ಲಿಯ ಕಾಡುನಾಯಿ, ಎತ್ಕೊಂಡು ಹೋಯ್ತು ಅಂದ್ರು ತಾಯಿ ಲಿಂಡಿ ಚೇಂಬರ್ಲೇನ್. ಟಿವಿ ಮುಂದೆ ಅಳಲಿಲ್ಲವಲ್ಲ ಅಂತ ಜನರಿಗೆ ಅನುಮಾನ (ನಾವಾದ್ರೂ ಹಂಗೇ ಅಂತಿದ್ವೇನೋ). ಕಾರಿನಲ್ಲಿ ಮಗುವಿನ ರಕ್ತ ಇದೆ ಅಂತ ಲ್ಯಾಬ್ ಹೇಳಿತು. 1982ರಲ್ಲಿ ಜೀವಾವಧಿ ಶಿಕ್ಷೆ.

ರಕ್ತ ಚಿಮ್ಮಿದೆ ಅಂದ ಕಲೆ, ಸದ್ದು ತಗ್ಗಿಸೋಕೆ ಕಾರಿಗೆ ಹೊಡೆದ ಲೇಪವಾಗಿತ್ತು! 1986ರಲ್ಲಿ ಮಗುವಿನ ಜಾಕೆಟ್ ಸಿಕ್ಕಿತು, ಲಿಂಡಿ ಹೊರಬಂದರು. 1988ರಲ್ಲಿ ಶಿಕ್ಷೆ ರದ್ದು. ಡಿಂಗೊನೇ ಕಾರಣ ಅಂತ ಬರೆದುಕೊಟ್ಟಿದ್ದು 2012ರಲ್ಲಿ.