ಸಂದರ್ಶನದ ಭಯಕ್ಕೆ ಮಾತ್ರೆ ಬೇಕೇ?

ಪದವಿ ಮುಗಿಸಿದ ಮಗನೊಂದಿಗೆ ತಾಯಿಯೊಬ್ಬರು ಚಿಕಿತ್ಸಾಲಯಕ್ಕೆ ಬಂದಿದ್ದರು. "ಡಾಕ್ಟ್ರೇ, ನಾಡಿದ್ದು ಬೆಂಗಳೂರಿನಲ್ಲಿ ಇವನಿಗೆ ಇಂಟರ್‌ವ್ಯೂ. ಎದೆ ಡವಡವ ಎನ್ನುತ್ತದಂತೆ. ಇವತ್ತು ಉಬ್ಬಸ ಬೇರೆ" ಎಂದರು. ವಿಚಾರಿಸಿದಾಗ ಹುಡುಗ ನಿಜ ಹೇಳಿದ. ಗೆಳೆಯ ಕೊಟ್ಟ 'ಎದೆಬಡಿತ ಇಳಿಸುವ' ಮಾತ್ರೆಯನ್ನು ನುಂಗಿದ್ದ. ಅದು ಪ್ರೊಪ್ರನೊಲಾಲ್. ಚಿಕ್ಕಂದಿನಲ್ಲಿ ಆಸ್ತಮಾ ಇದ್ದುದನ್ನು ಅವನು ಮರೆತೇ ಬಿಟ್ಟಿದ್ದ. ನೆಬ್ಯುಲೈಸರ್ ಕೊಟ್ಟು ಸಂಜೆಯವರೆಗೆ ಇರಿಸಿಕೊಳ್ಳಬೇಕಾಯಿತು.

ಎದೆ ಬಡಿಯುವುದೇಕೆ?

ಭಯವಾದಾಗ ಮೂತ್ರಪಿಂಡಗಳ ಮೇಲಿರುವ ಪುಟ್ಟ ಗ್ರಂಥಿಗಳು ಅಡ್ರಿನಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಎದೆಬಡಿತ ಏರುತ್ತದೆ, ಅಂಗೈ ಬೆವರುತ್ತದೆ, ಬಾಯಿ ಒಣಗುತ್ತದೆ, ಹೊಟ್ಟೆ ತೊಳಸುತ್ತದೆ. ಇದು ರೋಗವಲ್ಲ, ಸವಾಲಿಗೆ ದೇಹ ಸಿದ್ಧವಾಗುವ ರೀತಿ. ಪ್ರೊಪ್ರನೊಲಾಲ್ ಈ ರಸದ ಪರಿಣಾಮವನ್ನು ತಡೆಯುತ್ತದೆ ನಿಜ. ಆದರೆ ಆಸ್ತಮಾ ಇರುವವರಲ್ಲಿ ಅದು ಶ್ವಾಸನಾಳಗಳನ್ನು ಕುಗ್ಗಿಸಬಲ್ಲದು. ವೈದ್ಯರು ಪರೀಕ್ಷಿಸಿ ಬರೆದುಕೊಡದೆ ಇದನ್ನು ಸೇವಿಸಬಾರದು. ನಿದ್ರೆಮಾತ್ರೆಗೂ ಇದೇ ಮಾತು.

ಅಭ್ಯಾಸವೇ ಔಷಧ

ಉತ್ತರಗಳನ್ನು ಬರೆದು ಬಾಯಿಪಾಠ ಮಾಡಿದರೆ ಸಾಲದು. ಒಂದು ಪದ ಮರೆತರೆ ಇಡೀ ಉತ್ತರವೇ ಕೈಕೊಡುತ್ತದೆ. ಮುಖ್ಯಾಂಶಗಳನ್ನಷ್ಟೇ ಗುರುತು ಹಾಕಿಕೊಂಡು, ಒಂದು ವಾರ ದಿನವೂ ಅರ್ಧ ಗಂಟೆ ಗಟ್ಟಿಯಾಗಿ ಮಾತನಾಡಿ. ಮನೆಯ ಹಿರಿಯರೊಬ್ಬರು ಮೇಜಿನಾಚೆ ಕುಳಿತು ಪ್ರಶ್ನೆ ಕೇಳಲಿ: ನಿಮ್ಮ ಬಗ್ಗೆ ಹೇಳಿ, ಈ ಕೆಲಸವೇ ಏಕೆ, ಓದಿದ್ದರಲ್ಲಿ ಇಷ್ಟವಾದ ವಿಷಯ ಯಾವುದು, ನಿಮ್ಮ ಕೊರತೆ ಏನು? ಕೊಡಗಿನವರೆಂದು ತಿಳಿದರೆ ಊರಿನ ಪ್ರಶ್ನೆಯೂ ಬರಬಹುದು. ತಲಕಾವೇರಿ, ಅರೇಬಿಕಾ-ರೊಬಸ್ಟಾ ವ್ಯತ್ಯಾಸ, 1949ರಲ್ಲಿ ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕಾರ್ಯಪ್ಪನವರು, 1956ರಲ್ಲಿ ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ್ದು - ಇಷ್ಟಾದರೂ ಗೊತ್ತಿರಲಿ. ತಿಳಿಯದಿದ್ದರೆ "ಗೊತ್ತಿಲ್ಲ ಸರ್" ಎನ್ನುವುದನ್ನೂ ಅಭ್ಯಾಸ ಮಾಡಿ. ನಾಲ್ಕೈದು ಬಾರಿ ಹೀಗೆ ಕುಳಿತೆದ್ದರೆ ದೇಹಕ್ಕೆ ಆ ಸನ್ನಿವೇಶ ರೂಢಿಯಾಗಿ, ಎದೆಬಡಿತ ತಾನಾಗಿ ತಗ್ಗುತ್ತದೆ.

ಸರದಿಗಾಗಿ ಕಾಯುವಾಗ ನಾಲ್ಕು ಎಣಿಸುವಷ್ಟು ಉಸಿರೆಳೆದು, ಆರು ಎಣಿಸುವಷ್ಟು ನಿಧಾನವಾಗಿ ಬಿಡಿ. ಐದು ನಿಮಿಷ ಸಾಕು.

ಪ್ರಯಾಣ, ಊಟ, ನಿದ್ರೆ

ನಮ್ಮ ಜಿಲ್ಲೆಗೆ ರೈಲಿಲ್ಲ. ಮಡಿಕೇರಿಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್ ಬಸ್ಸಿನಲ್ಲೇ ಹೋಗಬೇಕು. ರಾತ್ರಿ ಬಸ್ಸಿನಲ್ಲಿ ನಿದ್ರೆಗೆಟ್ಟು ನೇರ ಸಂದರ್ಶನಕ್ಕೆ ಹೋಗುವುದಕ್ಕಿಂತ, ಹಿಂದಿನ ದಿನವೇ ತಲುಪಿ ಮಲಗುವುದು ಮೇಲು. ತಿರುವಿನ ರಸ್ತೆಯಲ್ಲಿ ವಾಂತಿಯಾಗದಿರಲೆಂದು ನುಂಗುವ ಮಾತ್ರೆಗಳಲ್ಲಿ ಹಲವು ಮಂಪರು ತರುತ್ತವೆ. ಸಂದರ್ಶನದ ಬೆಳಿಗ್ಗೆ ಬೇಡ. ಬಸ್ಸಿನ ಮುಂಭಾಗದಲ್ಲಿ ಕುಳಿತು, ದೂರ ದೃಷ್ಟಿಯಿಟ್ಟು, ಮೊಬೈಲ್ ನೋಡದಿದ್ದರೆ ಎಷ್ಟೋ ವಾಸಿ.

ಹಿಂದಿನ ರಾತ್ರಿ ಪಂದಿಕರಿ-ಕಡಂಬುಟ್ಟಿನ ಭಾರಿ ಊಟ ಬೇಡ. ಅದು ಕೆಲಸ ಸಿಕ್ಕ ದಿನಕ್ಕಿರಲಿ. ಬೆಳಿಗ್ಗೆ ಇಡ್ಲಿಯಂಥ ಹಗುರ ತಿಂಡಿ ತಿನ್ನಿ. ಕಾಫಿ ನಾಡಿನವರಿಗೆ ಹೇಳುವುದು ಕಷ್ಟ, ಆದರೂ ಒಂದೇ ಲೋಟಕ್ಕೆ ನಿಲ್ಲಿಸಿ. ಹೆಚ್ಚಿದ ಕಾಫಿ ಎದೆಬಡಿತಕ್ಕೆ, ನಡುಕಕ್ಕೆ ತುಪ್ಪ ಸುರಿದಂತೆ.

ವೈದ್ಯರ ಬಳಿ ಯಾವಾಗ?

ಸಂದರ್ಶನವಿಲ್ಲದ ದಿನಗಳಲ್ಲೂ ಎದೆ ಬಡಿತ, ಕೈನಡುಕ, ತೂಕ ಇಳಿಕೆ ಇದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಸುಸ್ತು, ಏದುಸಿರು ಇರುವ ಹೆಣ್ಣುಮಕ್ಕಳು ರಕ್ತಹೀನತೆ ಇದೆಯೇ ಎಂದು ನೋಡಿಸಿಕೊಳ್ಳಬೇಕು.

ಹೆತ್ತವರಿಗೊಂದು ಮಾತು. ಬಾಗಿಲಲ್ಲೇ "ಏನಾಯಿತು?" ಎಂದು ಕೇಳಬೇಡಿ, ಮೊದಲು ಊಟ ಬಡಿಸಿ. ಪಕ್ಕದ ಮನೆಯ ಮಕ್ಕಳೊಂದಿಗೆ ಹೋಲಿಸಬೇಡಿ. ಕೆಲಸ ಸಿಗದ ಮಗ ಅಥವಾ ಮಗಳು ಮಾತು ಬಿಟ್ಟರೆ, ವಾರಗಟ್ಟಲೆ ನಿದ್ರಿಸದಿದ್ದರೆ, ಬದುಕೇ ಬೇಡ ಎಂದರೆ ತಡಮಾಡದೆ ವೈದ್ಯರಿಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416 ಹಗಲೂ ರಾತ್ರಿ ಲಭ್ಯ.

ಆ ಹುಡುಗ ಮಾತ್ರೆಯಿಲ್ಲದೆ, ಜೇಬಿನಲ್ಲಿ ಇನ್‌ಹೇಲರ್ ಇಟ್ಟುಕೊಂಡು ಹೋಗಿ ಬಂದ. ಕೆಲಸ ಸಿಗಲಿಲ್ಲ. "ಎದೆ ಬಡಿಯಿತು ಸರ್, ಆದರೂ ಮಾತನಾಡಿದೆ" ಎಂದ. ಮುಂದಿನ ಸಂದರ್ಶನಕ್ಕೆ ಅವನು ಆಗಲೇ ಅರ್ಧ ಸಿದ್ಧನಾಗಿದ್ದ.