‘ಎಲ್ಲವೂ’ ಮತ್ತು ‘ಯಾವುದಾದರೊಂದು’: ಗಣಕಯಂತ್ರಕ್ಕೆ ಕೇಳುವ ಎರಡು ಪ್ರಶ್ನೆಗಳು

ಒಂದು ಪಟ್ಟಿಯಲ್ಲಿರುವ ಅಂಶಗಳು ಗೊತ್ತುಪಡಿಸಿದ ನಿಬಂಧನೆಗೆ ಒಳಪಡುತ್ತವೆಯೇ ಎಂದು ಪರೀಕ್ಷಿಸುವುದು ಗಣಕಯಂತ್ರದ ಪ್ರೋಗ್ರಾಮುಗಳಲ್ಲಿ ಪದೇ ಪದೇ ಬರುವ ಕೆಲಸ. ಈ ಪರೀಕ್ಷೆಗೆ ಮುಖ್ಯವಾಗಿ ಎರಡು ರೂಪಗಳಿವೆ: ‘ಎಲ್ಲವೂ ಒಳಪಡುತ್ತವೆಯೇ?’ ಎಂಬುದು ಒಂದು, ‘ಯಾವುದಾದರೊಂದು ಒಳಪಡುತ್ತದೆಯೇ?’ ಎಂಬುದು ಇನ್ನೊಂದು. ಪೈಥಾನ್ ಭಾಷೆಯಲ್ಲಿ ಇವೆರಡಕ್ಕೂ ‘ಆಲ್’ ಮತ್ತು ‘ಎನಿ’ ಎಂಬ ಸಿದ್ಧ ಆದೇಶಗಳು 2006ರಲ್ಲಿ ಸೇರಿದವು.

ಉದಾಹರಣೆಗೆ, ಐದು ವಿಷಯಗಳಲ್ಲಿ ಒಬ್ಬ ವಿದ್ಯಾರ್ಥಿಯ ಅಂಕಗಳು 62, 48, 29, 71, 55 ಎಂದಿರಲಿ. ತೇರ್ಗಡೆಗೆ ಪ್ರತಿಯೊಂದು ವಿಷಯದಲ್ಲಿಯೂ ಕನಿಷ್ಠ 35 ಅಂಕ ಬೇಕೆಂದು ಇಟ್ಟುಕೊಳ್ಳೋಣ. ‘ಎಲ್ಲವೂ 35ಕ್ಕೆ ಕಡಿಮೆಯಿಲ್ಲವೇ?’ ಎಂದು ಕೇಳಿದರೆ, ಯಂತ್ರವು ಮೊದಲಿನಿಂದ ಒಂದೊಂದನ್ನೇ ನೋಡುತ್ತ ಬಂದು, 29 ಸಿಕ್ಕೊಡನೆ ‘ಸುಳ್ಳು’ ಎಂದು ಉತ್ತರಿಸಿ ನಿಲ್ಲುತ್ತದೆ. ಉಳಿದೆರಡು ಅಂಕಗಳನ್ನು ನೋಡುವ ಅಗತ್ಯವೇ ಅದಕ್ಕಿಲ್ಲ. ‘ಯಾವುದಾದರೊಂದು 70ನ್ನು ಮೀರಿದೆಯೇ?’ ಎಂದು ಕೇಳಿದರೆ 71ರ ಬಳಿ ‘ನಿಜ’ ಎಂದು ನಿಲ್ಲುತ್ತದೆ. ‘ಎಲ್ಲವೂ’ ಎಂಬ ಮಾತನ್ನು ಕೆಡಿಸಲು ಒಂದೇ ಅಪವಾದ ಸಾಕು. ‘ಯಾವುದಾದರೊಂದು’ ಎಂಬುದನ್ನು ಸ್ಥಾಪಿಸಲು ಒಂದೇ ನಿದರ್ಶನ ಸಾಕು.

ಹೀಗೆ ಇವೆರಡೂ ಒಂದೇ ನಾಣ್ಯದ ಎರಡು ಮುಖಗಳು. ‘ಎಲ್ಲವೂ ಒಳಪಡುವುದಿಲ್ಲ’ ಎಂದರೆ ‘ಒಳಪಡದಿರುವುದು ಒಂದಾದರೂ ಇದೆ’ ಎಂದೇ ಅರ್ಥ. ಇದರ ಹಿಂದಿರುವ ತರ್ಕನಿಯಮಗಳಿಗೆ, 1806ರಲ್ಲಿ ಮದುರೆಯಲ್ಲಿ ಜನಿಸಿದ ಬ್ರಿಟಿಷ್ ಗಣಿತಜ್ಞ ಅಗಸ್ಟಸ್ ಡಿ ಮಾರ್ಗನ್ನರ ಹೆಸರಿದೆ.

ಪಟ್ಟಿ ಬರಿದಾಗಿದ್ದರೆ ಉತ್ತರವೇನು? ‘ಎಲ್ಲವೂ’ ಎಂಬ ಪ್ರಶ್ನೆಗೆ ‘ನಿಜ’. ‘ಯಾವುದಾದರೊಂದು’ ಎಂಬ ಪ್ರಶ್ನೆಗೆ ‘ಸುಳ್ಳು’. ಮೊದಲು ಕೇಳಿದವರಿಗೆ ಇದು ವಿಚಿತ್ರವೆನಿಸಬಹುದು. ಆದರೆ ಬರಿದಾದ ಪಟ್ಟಿಯಲ್ಲಿ ನಿಬಂಧನೆಯನ್ನು ಮೀರುವ ಅಂಶವೂ ಇಲ್ಲ, ಪೂರೈಸುವ ಅಂಶವೂ ಇಲ್ಲ. ಆದ್ದರಿಂದ ಎರಡು ಉತ್ತರಗಳೂ ತರ್ಕಬದ್ಧವೇ ಆಗಿವೆ.

ತರ್ಕಕ್ಕೆ ಸರಿಯಾದುದು ವ್ಯವಹಾರದಲ್ಲಿ ಅನರ್ಥಕ್ಕೆ ಎಡೆಗೊಡಬಹುದು. ಅಂಕಗಳನ್ನು ಇನ್ನೂ ದಾಖಲಿಸದ ವಿದ್ಯಾರ್ಥಿಯ ಪಟ್ಟಿ ಬರಿದಾಗಿರುವುದರಿಂದ, ‘ಎಲ್ಲವೂ’ ಎಂಬ ಪರೀಕ್ಷೆಯೊಂದನ್ನೇ ನಂಬಿದ ಪ್ರೋಗ್ರಾಮ್ ಅವನನ್ನು ತೇರ್ಗಡೆಯಾದವನೆಂದು ಸಾರಿಬಿಡುತ್ತದೆ. ನಾಲ್ಕೇ ವಿಷಯಗಳ ಅಂಕ ದಾಖಲಾಗಿದ್ದರೂ ಇದೇ ಅಪಾಯವಿದೆ. ಆದಕಾರಣ ಪಟ್ಟಿಯಲ್ಲಿ ಐದು ಅಂಕಗಳಿವೆಯೇ ಎಂದು ಮೊದಲು ಎಣಿಸಿ, ಅನಂತರವೇ ‘ಎಲ್ಲವೂ’ ಎಂದು ಕೇಳುವುದು ಸರಿಯಾದ ಕ್ರಮ. ಯಂತ್ರವು ಕೇಳಿದ ಪ್ರಶ್ನೆಗೆ ಮಾತ್ರ ಉತ್ತರಿಸುತ್ತದೆ. ಪ್ರಶ್ನೆಯನ್ನು ಪೂರ್ಣವಾಗಿ ಕೇಳುವ ಹೊಣೆ ಪ್ರೋಗ್ರಾಮ್ ಬರೆಯುವವರದು.