ಆಟಕ್ಕೆ ಮುಂಚಿನ ಆಟ

ಅಂಗಳದಲ್ಲಿ ಸೀಟಿ ಊದಿದಾಗ ಆಟ ಮೊದಲಾಗುತ್ತದೆ, ಮತ್ತೊಮ್ಮೆ ಊದಿದಾಗ ಮುಗಿದುಹೋಗುತ್ತದೆ ಎಂದು ತಿಳಿದವರು ಅಭಿಮಾನಿಗಳ ಸಹವಾಸ ಮಾಡಿದವರಲ್ಲ. ಪಂದ್ಯಕ್ಕೆ ಇನ್ನೂ ಎರಡು ತಿಂಗಳು ಇರುವಾಗಲೇ ಅಭಿಮಾನಿಗಳ ಆಟ ಆರಂಭವಾಗಿರುತ್ತದೆ. ಈ ವರ್ಷ ತಂಡಕ್ಕೆ ಹೊಸದಾಗಿ ಯಾರು ಬರುತ್ತಾರೆ, ಯಾರು ಬಿಟ್ಟುಹೋಗುತ್ತಾರೆ, ಕಳೆದ ವರ್ಷ ಮಂಡಿ ನೋಯಿಸಿಕೊಂಡವನು ಚೇತರಿಸಿಕೊಂಡನೋ ಇಲ್ಲವೋ, ಎದುರಾಳಿಗಳು ಯಾರನ್ನು ಒಲಿಸಿಕೊಂಡಿದ್ದಾರೆ ಎಂಬ ಮಾತಿಗೆ ಕೊನೆಯೇ ಇರುವುದಿಲ್ಲ.

ಜಗಳೂರು ತಾಲ್ಲೂಕಿನ ಬಿಳಿಚೋಡು ಮಳೆಯನ್ನೇ ನಂಬಿದ ಬಯಲುಸೀಮೆಯ ಊರು. ಅಂಥ ಊರುಗಳಲ್ಲಿ ಈ ಮಾತು ಹೆಚ್ಚಾಗಿ ಕಬಡ್ಡಿಯದೋ ವಾಲಿಬಾಲಿನದೋ ಆಗಿರುತ್ತದೆ. ಸುಗ್ಗಿ ಮುಗಿದು ಪಂದ್ಯಾವಳಿಯ ಕಾಲ ಬಂದಿತೆಂದರೆ, ನೆರೆಯೂರಿನವರು ಹೊರಗಿನಿಂದ ಒಳ್ಳೆಯ ಆಟಗಾರನೊಬ್ಬನನ್ನು ಕರೆಸುತ್ತಿದ್ದಾರಂತೆ ಎಂಬ ಸುದ್ದಿ ಹೋಟೆಲಿನ ಮುಂದಿನ ಬೆಂಚಿನಿಂದ ಬೆಂಚಿಗೆ ಹಾರುತ್ತದೆ. ಕೂಡಲೇ ವಾದವೊಂದು ಹುಟ್ಟಿಕೊಳ್ಳುತ್ತದೆ. ಹೊರಗಿನವನನ್ನು ಕರೆಸಿ ಗೆದ್ದರೆ ಅದು ಊರಿನ ಗೆಲುವು ಹೇಗಾದೀತು? ನಮ್ಮ ಹುಡುಗನೇ ಹಣಕ್ಕೋ ನೌಕರಿಗೋ ಬೇರೆ ಊರಿನ ಪರವಾಗಿ ಆಡಿದರೆ ಅವನು ನಮ್ಮವನೋ ಅವರವನೋ? ಮೇಲುನೋಟಕ್ಕೆ ಇದು ಹರಟೆ. ಆದರೆ ಇದೇ ಪ್ರಶ್ನೆ ದೊಡ್ಡ ದೊಡ್ಡ ನಗರಗಳನ್ನೂ ಕಾಡಿದೆ.

ಅಮೆರಿಕ ದೇಶದಲ್ಲಿ ಇದು ವಿಶ್ವವಿದ್ಯಾಲಯಗಳ ವಿಷಯವಾಗಿದೆ. ಅಲ್ಲಿ ಫುಟ್‌ಬಾಲ್ ಎಂದು ಕರೆಯಲ್ಪಡುವ ಆಟವೇ ಬೇರೆ. ಮೊಟ್ಟೆಯಾಕಾರದ ಚೆಂಡನ್ನು ಬಹುಮಟ್ಟಿಗೆ ಕೈಯಲ್ಲಿಯೇ ಹಿಡಿದು ಓಡುವ, ಎಸೆಯುವ ಆಟವದು. 1869ರಲ್ಲಿ ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಎಂಬ ಎರಡು ಕಾಲೇಜುಗಳ ನಡುವೆ ಮೊದಲ ಪಂದ್ಯ ನಡೆಯಿತೆಂದು ಅಲ್ಲಿಯವರು ಲೆಕ್ಕ ಹಿಡಿಯುತ್ತಾರೆ. ಮಿಷಿಗನ್ ಮತ್ತು ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯಗಳ ಹಗೆತನ 1897ರಷ್ಟು ಹಳೆಯದು. ಮಿಷಿಗನ್ನಿನ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಜನ ಕುಳಿತು ನೋಡುತ್ತಾರೆ. ಈ ತಂಡಗಳಿಗೆ ಆಟಗಾರರು ಬರುವುದು ಪ್ರೌಢಶಾಲೆಗಳಿಂದ. ತರಬೇತುದಾರರು ಹುಡುಗರ ಮನೆಗೇ ಹೋಗಿ ತಂದೆತಾಯಿಗಳೊಡನೆ ಮಾತನಾಡುತ್ತಾರೆ. ವಿದ್ಯಾರ್ಥಿವೇತನದ ಭರವಸೆ ಕೊಡುತ್ತಾರೆ. ಹದಿನಾರು ಹದಿನೇಳರ ಬಾಲಕರಿಗೆ ಹೋಟೆಲುಗಳಿಗೆ ಕೊಡುವಂತೆ ನಕ್ಷತ್ರಗಳನ್ನು ಕೊಟ್ಟು ಶ್ರೇಣಿ ಕಟ್ಟುವವರೂ ಅಲ್ಲಿ ಇದ್ದಾರೆ! ಬಾಲಕನೊಬ್ಬ ಯಾವ ವಿಶ್ವವಿದ್ಯಾಲಯವನ್ನು ಆರಿಸಿಕೊಂಡನೆಂಬುದನ್ನು ಅವನನ್ನು ಎಂದೂ ನೋಡದ ಸಾವಿರಾರು ಜನ ಚರ್ಚಿಸುತ್ತಾರೆ. ಆ ಬಾಲಕ ಒಂಬತ್ತನೆಯ ತರಗತಿಯ ವಿದ್ಯಾರ್ಥಿಗಿಂತ ಎರಡು ಮೂರು ವರ್ಷವಷ್ಟೇ ಹಿರಿಯ. ತನ್ನ ಹೆಸರಿನಿಂದ ಹಣ ಸಂಪಾದಿಸಲು ಅಲ್ಲಿಯ ವಿದ್ಯಾರ್ಥಿ ಆಟಗಾರನಿಗೆ ಅನುಮತಿ ದೊರೆತದ್ದು 2021ರಲ್ಲಿ ಮಾತ್ರ. ಅದುವರೆಗೆ ಲಕ್ಷ ಜನರ ಟಿಕೆಟ್ಟಿನ ಹಣದಲ್ಲಿ ಅವನಿಗೆ ಪಾಲಿರಲಿಲ್ಲ.

ಕರ್ನಾಟಕದಲ್ಲಿ ಇಂಥ ಕಥೆಯನ್ನು ಹುಡುಕುವವರು ಬೆಂಗಳೂರಿನ ದಂಡುಪ್ರದೇಶಕ್ಕೆ ಹೋಗಬೇಕು. 1809ರಲ್ಲಿ ಬ್ರಿಟಿಷರು ಅಲ್ಲಿ ಸೇನೆಯನ್ನು ನೆಲೆಗೊಳಿಸಿದರು. ಸೈನಿಕರ ಆಟಗಳಲ್ಲಿ ಒಂದಾಗಿದ್ದ ಕಾಲ್ಚೆಂಡಾಟವು ಕ್ರಮೇಣ ಸುತ್ತಮುತ್ತಲಿನ ಬೀದಿಗಳಿಗೆ ಇಳಿಯಿತು. ಬೂಟುಗಳನ್ನು ಕೊಳ್ಳುವ ಶಕ್ತಿಯಿಲ್ಲದ ಹುಡುಗರು ಬರಿಗಾಲಲ್ಲಿಯೇ ಆಡಿದರು. ಆಡಿ ಆಡಿ, ಬರಿಗಾಲೇ ಲೇಸು ಎಂದು ನಂಬುವಷ್ಟು ಪಳಗಿದರು. ಹಲಸೂರಿನ ಬಳಿಯ ಗೌತಮಪುರದಲ್ಲಿ ಇಂದಿಗೂ ಬ್ರೆಜಿಲ್ ದೇಶದ ಪೆಲೆಯ ಪ್ರತಿಮೆಯೊಂದಿದೆ. ಮಹಾಪುರುಷರ ಪ್ರತಿಮೆಗಳ ಸಾಲಿನಲ್ಲಿ ಆಟಗಾರನೊಬ್ಬನನ್ನು ನಿಲ್ಲಿಸಿದ ಬಡಾವಣೆಯ ಮನಸ್ಸು ಎಂಥದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಮುಂಬಯಿಯ ರೋವರ್ಸ್ ಕಪ್ ಪಂದ್ಯಾವಳಿ 1891ರಲ್ಲಿ ಆರಂಭವಾಯಿತು. ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಅದನ್ನು ಭಾರತೀಯ ತಂಡವೊಂದು ಗೆಲ್ಲಲಾಗಲಿಲ್ಲ. 1937ರಲ್ಲಿ ಆ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅದೇ ತಂಡ ಗೆದ್ದಿತು, 1948ರಲ್ಲಿ ಮತ್ತೊಮ್ಮೆ. ಇಂಥ ಊರಿನ ಮೇಲೆ ಹೊರಗಿನವರ ಕಣ್ಣು ಬೀಳದೆ ಇದ್ದೀತೇ? ಕಲ್ಕತ್ತೆಯ ಮಹಮ್ಮಡನ್ ಸ್ಪೋರ್ಟಿಂಗ್ ಸಂಘ 1934ರಿಂದ 1938ರವರೆಗೆ ಸತತವಾಗಿ ಐದು ವರ್ಷ ಅಲ್ಲಿಯ ಲೀಗನ್ನು ಗೆದ್ದಾಗ ಆ ತಂಡದಲ್ಲಿ ಬೆಂಗಳೂರಿನ ಆಟಗಾರರೂ ಇದ್ದರು.

ಈ ಸೆಳೆತದ ಅತಿ ಪ್ರಸಿದ್ಧ ಉದಾಹರಣೆ ಅಹಮದ್ ಖಾನ್. 1926ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಈತನ ಕಾಲಿಗೆ ಚೆಂಡು ಸಿಕ್ಕರೆ, ಪುಂಗಿಯ ನಾದಕ್ಕೆ ಹಾವು ಮಣಿದಂತೆ ಅದು ಅವನ ಮಾತು ಕೇಳುತ್ತಿತ್ತಂತೆ. ಅದಕ್ಕಾಗಿಯೇ ಅವನಿಗೆ ಹಾವಾಡಿಗನೆಂಬ ಅಡ್ಡಹೆಸರು ಬಂದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಅವನು ಭಾರತ ತಂಡದ ಸದಸ್ಯನಾಗಿದ್ದ. ಆ ವರ್ಷ ಜುಲೈ 31ರಂದು ಫ್ರಾನ್ಸಿನ ವಿರುದ್ಧ ಭಾರತ 2-1ರಿಂದ ಸೋತಿತಾದರೂ, ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲನ್ನು ಹೊಡೆದವನು ಬೆಂಗಳೂರಿನವನೇ ಆದ ಸಾರಂಗಪಾಣಿ ರಾಮನ್. ಭಾರತದ ಆಟಗಾರರಲ್ಲಿ ಹೆಚ್ಚಿನವರು ಅಂದು ಬರಿಗಾಲಲ್ಲಿ ಆಡಿದ್ದರು.

ಲಂಡನ್ನಿನಿಂದ ಮರಳಿದ ಮರುವರ್ಷವೇ ಅಹಮದ್ ಖಾನ್ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸಂಘವನ್ನು ಸೇರಿದ. ಆ ಸಂಘದ ಜ್ಯೋತಿಷಚಂದ್ರ ಗುಹ ಎಂಬ ಚತುರ ಆಡಳಿತಗಾರರು ದೇಶವನ್ನೆಲ್ಲ ಜಾಲಾಡಿ ಆಟಗಾರರನ್ನು ಕೂಡಿಸುತ್ತಿದ್ದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೇ ಮತ್ತು ಅಹಮದ್ ಖಾನ್ ಎಂಬ ದಕ್ಷಿಣದ ಐವರು ಮುನ್ನಡೆಯಲ್ಲಿ ನಿಂತು ಆಡುತ್ತಿದ್ದರೆ ಅವರನ್ನು ತಡೆಯಬಲ್ಲವರಿರಲಿಲ್ಲ. ಬಂಗಾಳದ ಜನ ಅವರನ್ನು ಪಂಚಪಾಂಡವರೆಂದು ಕರೆದರು. 1949, 1950 ಮತ್ತು 1951ರಲ್ಲಿ ಈಸ್ಟ್ ಬೆಂಗಾಲ್ ಸತತವಾಗಿ ಐ.ಎಫ್.ಎ. ಷೀಲ್ಡ್ ಗೆದ್ದಿತು. ಕಲ್ಕತ್ತೆಯ ಪಾಂಡವರಲ್ಲಿ ಒಬ್ಬನಾದುದು ಬೆಂಗಳೂರಿಗೆ ಹೆಮ್ಮೆಯೇ. ಆದರೆ ಬೆಂಗಳೂರಿನ ಲೀಗ್ ನೋಡುವವರಿಗೆ ಆ ಕಾಲುಗಳು ವರ್ಷದ ಬಹುಭಾಗ ಕಾಣದಾದುವು. ಅವನ ಹಿಂದೆ ಇನ್ನೂ ಅನೇಕರು ಅದೇ ರೈಲು ಹಿಡಿದರು. 1956 ಮತ್ತು 1960ರ ಒಲಿಂಪಿಕ್ಸ್‌ಗಳಲ್ಲಿ ಆಡಿದ ಮರಿಯಪ್ಪ ಕೆಂಪಯ್ಯ ಮೋಹನ್ ಬಾಗಾನ್ ಸಂಘದ ಆಟಗಾರನಾಗಿ ಹೆಸರಾದ. 1971ರಲ್ಲಿ ಹುಟ್ಟಿದ ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್‌ನ ನಾಯಕತ್ವದಲ್ಲಿ ಈಸ್ಟ್ ಬೆಂಗಾಲ್ 2000-01ರ ರಾಷ್ಟ್ರೀಯ ಲೀಗನ್ನು ಗೆದ್ದಿತು.

ಆಗಿನ ಕಲ್ಕತ್ತೆಯಲ್ಲಿ ಋತುವಿಗೆ ಮುನ್ನ ನಡೆಯುತ್ತಿದ್ದ ಆಟಗಾರರ ಪಕ್ಷಾಂತರವೇ ಒಂದು ನಾಟಕ. ಸಂಘ ಬದಲಿಸುವ ಆಟಗಾರ ತಾನೇ ಐ.ಎಫ್.ಎ. ಕಚೇರಿಗೆ ಬಂದು ಸಹಿ ಹಾಕಬೇಕು. ಆದ್ದರಿಂದ ಅವನು ಸಹಿ ಹಾಕುವತನಕ ಎದುರಾಳಿಗಳ ಕೈಗೆ ಸಿಗದಂತೆ ಅವನನ್ನು ಗುಟ್ಟಾದ ಮನೆಗಳಲ್ಲಿ ಇರಿಸುತ್ತಿದ್ದರು. ಕಚೇರಿಯ ಹೊರಗೆ ಎರಡು ಕಡೆಯ ಅಭಿಮಾನಿಗಳ ಗುಂಪು ನೆರೆಯುತ್ತಿತ್ತು. ಮದುವೆಗೆ ಮುನ್ನ ವರನನ್ನು ಬಚ್ಚಿಟ್ಟಂತೆ ಇದು ತೋರಿದರೆ ಆಶ್ಚರ್ಯವಿಲ್ಲ.

ಬೆಂಗಳೂರಿನಲ್ಲಿಯೇ ಉಳಿದವರನ್ನು ಹಿಡಿದಿಟ್ಟದ್ದು ಹಣವಲ್ಲ, ನೌಕರಿ. ಹಿಂದೂಸ್ತಾನ್ ಏರೊನಾಟಿಕ್ಸ್, ಐ.ಟಿ.ಐ. ಮುಂತಾದ ಸರ್ಕಾರಿ ಉದ್ಯಮಗಳು ತಂಡಗಳನ್ನು ಕಟ್ಟಿದುವು. ಚೆನ್ನಾಗಿ ಆಡುವ ತರುಣನಿಗೆ ಕಾರ್ಖಾನೆಯಲ್ಲಿ ಕೆಲಸ ಸಿಗುತ್ತಿತ್ತು. ಕಾಲು ಸೋತ ಮೇಲೂ ಸಂಬಳ ನಿಲ್ಲುತ್ತಿರಲಿಲ್ಲ. ಬಡವರ ಮನೆಯ ಹುಡುಗನಿಗೆ ಚೆಂಡು ಅನ್ನದ ದಾರಿಯಾಯಿತು. ಯಾವ ತಂಡ ಯಾರನ್ನು ತೆಗೆದುಕೊಂಡಿತೆಂಬ ಅಭಿಮಾನಿಗಳ ಹರಟೆಯ ಹಿಂದೆ ಒಂದು ಸಂಸಾರದ ಒಲೆ ಹೊತ್ತಿಕೊಳ್ಳುವ ಮಾತೂ ಅಡಗಿರುತ್ತಿತ್ತು. ಈ ದಾರಿ ಈಗ ಬಹಳ ಕಿರಿದಾಗಿದೆ. ಇಂದು ಹಳ್ಳಿಯ ಮಕ್ಕಳಿಗೆ ತೆರೆದಿರುವ ಒಂದು ಬಾಗಿಲೆಂದರೆ ಸರ್ಕಾರದ ಕ್ರೀಡಾ ವಸತಿನಿಲಯಗಳು. ಕುಸ್ತಿಗೆ ಹೆಸರಾದ ದಾವಣಗೆರೆಯ ವಸತಿನಿಲಯ ಬಿಳಿಚೋಡಿನ ಮಕ್ಕಳಿಗೆ ದೂರದ್ದೇನೂ ಅಲ್ಲ.

ಆಟಗಾರರನ್ನು ಕೊಟ್ಟ ಊರಿಗೂ ಕೊಂಡ ಊರಿಗೂ ಪೈಪೋಟಿ ಬೆಳೆಯುವುದು ಸಹಜ. ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನು 1946-47ರಲ್ಲಿ ಮೈಸೂರು ಮೊದಲ ಬಾರಿಗೆ ಗೆದ್ದದ್ದು ಬಂಗಾಳವನ್ನು ಸೋಲಿಸಿ, ಅದೂ ಬೆಂಗಳೂರಿನಲ್ಲಿ. 1952-53ರಲ್ಲಿಯೂ ಹಾಗೆಯೇ ಆಯಿತು. ಆಟಗಾರನು ತಾನು ನೋಂದಾಯಿಸಿಕೊಂಡ ರಾಜ್ಯದ ಪರವಾಗಿ ಆಡಬೇಕೆಂಬುದು ಆ ಪಂದ್ಯಾವಳಿಯ ನಿಯಮವಾದುದರಿಂದ, ಕಲ್ಕತ್ತೆಗೆ ಹೋದ ಬೆಂಗಳೂರಿಗ ತನ್ನ ಹುಟ್ಟೂರಿನ ಎದುರೇ ನಿಲ್ಲಬೇಕಾದ ಸಂದರ್ಭ ಬರಬಹುದಾಗಿತ್ತು. ಆಗ ಅಂಗಳದ ಸುತ್ತ ನೆರೆದ ಹಲಸೂರಿನ ಜನ ಅವನಿಗೆ ಚಪ್ಪಾಳೆ ತಟ್ಟಬೇಕೋ ಬೈಯಬೇಕೋ? ಕಾಲ್ಚೆಂಡನ್ನು ಬಲ್ಲವರು ಬಹುಶಃ ಎರಡನ್ನೂ ಮಾಡುತ್ತಾರೆ.

ಪೈಪೋಟಿ ಎಲ್ಲಿಯವರೆಗೆ ಸೊಗಸು, ಎಲ್ಲಿಂದಾಚೆ ವಿಷ ಎಂಬುದನ್ನು ಕಲ್ಕತ್ತೆಯೇ ತೋರಿಸಿಕೊಟ್ಟಿದೆ. ಮೋಹನ್ ಬಾಗಾನ್ ಹುಟ್ಟಿದ್ದು 1889ರಲ್ಲಿ. 1911ರಲ್ಲಿ ಅದರ ಆಟಗಾರರು ಬ್ರಿಟಿಷ್ ಸೇನಾತಂಡವೊಂದನ್ನು ಸೋಲಿಸಿ ಐ.ಎಫ್.ಎ. ಷೀಲ್ಡ್ ಗೆದ್ದಾಗ ಆಳುವವರನ್ನೇ ಗೆದ್ದಷ್ಟು ಸಂಭ್ರಮವಾಯಿತು. 1920ರಲ್ಲಿ ಹುಟ್ಟಿದ ಈಸ್ಟ್ ಬೆಂಗಾಲ್, ಪೂರ್ವಬಂಗಾಳದಿಂದ ಬಂದವರ ಸಂಘವಾಯಿತು. ದೇಶವಿಭಜನೆಯ ತರುವಾಯ ಮನೆಮಠ ಕಳೆದುಕೊಂಡು ಬಂದವರಿಗೆ ಅದೊಂದು ಊರೇ ಆಯಿತು. ಈಸ್ಟ್ ಬೆಂಗಾಲ್ ಗೆದ್ದ ದಿನ ಅದರ ಮನೆಗಳಲ್ಲಿ ಹಿಲ್ಸಾ ಮೀನಿನ ಅಡಿಗೆ. ಮೋಹನ್ ಬಾಗಾನ್ ಗೆದ್ದರೆ ಸಿಗಡಿ. ಇಲ್ಲಿಯತನಕ ಎಲ್ಲವೂ ಚೆಂದವೇ. ಆದರೆ 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಈ ಎರಡು ತಂಡಗಳು ಆಡುತ್ತಿದ್ದಾಗ ಅಂಗಳದಲ್ಲಿ ಇಬ್ಬರು ಆಟಗಾರರ ಕಲಹವಾಯಿತು. ಇಬ್ಬರನ್ನೂ ಹೊರಗೆ ಕಳುಹಿಸಲಾಯಿತು. ಕಲಹ ಅಲ್ಲಿಗೆ ನಿಲ್ಲದೆ ಮೆಟ್ಟಿಲುಗಳ ಮೇಲೆ ಕುಳಿತಿದ್ದ ಅಭಿಮಾನಿಗಳಿಗೆ ಹಬ್ಬಿತು. ಕಲ್ಲುಗಳು ಹಾರಿದುವು, ಜನ ದಿಕ್ಕೆಟ್ಟು ನುಗ್ಗಿದರು. ಹದಿನಾರು ಮಂದಿ ಸತ್ತರು. ಬೆಳಿಗ್ಗೆ ಟಿಕೆಟ್ಟು ಹಿಡಿದು ಹುರುಪಿನಿಂದ ಹೊರಟವರ ಮನೆಗಳಿಗೆ ಸಂಜೆ ಸಾವಿನ ಸುದ್ದಿ ಹೋಯಿತು. ಆ ಪಂದ್ಯದಲ್ಲಿ ಒಂದು ಗೋಲೂ ಆಗಿರಲಿಲ್ಲ. ಆಗಸ್ಟ್ 16ನ್ನು ಆ ನಗರ ಕಾಲ್ಚೆಂಡು ಪ್ರೇಮಿಗಳ ದಿನವೆಂದು ನೆನೆಯುತ್ತದೆ. ಅಂದು ರಕ್ತದಾನ ಮಾಡುವ ಪದ್ಧತಿಯಿದೆ.

2013ರಲ್ಲಿ ಬೆಂಗಳೂರು ಎಫ್.ಸಿ. ಎಂಬ ಸಂಘ ಹುಟ್ಟಿದಾಗ ಹಳೆಯ ನದಿ ಹಿಂದಕ್ಕೆ ಹರಿಯಿತೆನ್ನಬಹುದು. ಸಿಕಂದರಾಬಾದಿನಲ್ಲಿ ಹುಟ್ಟಿ, ಮೋಹನ್ ಬಾಗಾನ್‌ನಲ್ಲಿ ಹೆಸರು ಮಾಡತೊಡಗಿ, ಈಸ್ಟ್ ಬೆಂಗಾಲಿಗೂ ಆಡಿದ್ದ ಸುನಿಲ್ ಛೆಟ್ರಿಯನ್ನು ಈ ಬಾರಿ ಬೆಂಗಳೂರು ಕರೆತಂದಿತು. ಮೊದಲ ಋತುವಿನಲ್ಲಿಯೇ ಸಂಘ ಐ-ಲೀಗ್ ಗೆದ್ದಿತು. 2018-19ರಲ್ಲಿ ಇಂಡಿಯನ್ ಸೂಪರ್ ಲೀಗನ್ನೂ ಗೆದ್ದಿತು. ಕಂಠೀರವ ಕ್ರೀಡಾಂಗಣದ ಪಶ್ಚಿಮ ಭಾಗದಲ್ಲಿ ನೀಲಿ ಅಂಗಿ ತೊಟ್ಟು ಪಂದ್ಯದುದ್ದಕ್ಕೂ ನಿಂತೇ ಹಾಡುವ ತರುಣರು ಛೆಟ್ರಿಯನ್ನು ತಮ್ಮ ಊರಿನವನೆಂದೇ ಎಣಿಸಿದರು. ಹೊರಗಿನವನು ಯಾವಾಗ ನಮ್ಮವನಾಗುತ್ತಾನೆಂಬ ಹೋಟೆಲ್ ಬೆಂಚಿನ ಪ್ರಶ್ನೆಗೆ ಅವರು ವಾದ ಹೂಡಲಿಲ್ಲ, ಹಾಡಿಬಿಟ್ಟರು.

ಬಂಗಾಳದ ಸ್ಥಾನದಲ್ಲಿ ಈಗ ಕೇರಳ ಬಂದು ನಿಂತಿದೆ. ನೆರೆಯವರ ಮೇಲೆ ಪೈಪೋಟಿ ಹೆಚ್ಚಲ್ಲವೇ? 2023ರ ಮಾರ್ಚ್ 3ರಂದು ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ವಿರುದ್ಧ ನಡೆದ ಪಂದ್ಯದ ಹೆಚ್ಚುವರಿ ವೇಳೆಯಲ್ಲಿ, ಎದುರಾಳಿಗಳು ಇನ್ನೂ ಗೋಡೆ ಕಟ್ಟಿಕೊಳ್ಳುತ್ತಿರುವಾಗಲೇ ಛೆಟ್ರಿ ಫ್ರೀಕಿಕ್ ಹೊಡೆದು ಗೋಲು ಗಳಿಸಿದ. ಅದು ನ್ಯಾಯವಲ್ಲವೆಂದು ಕೇರಳದ ತಂಡ ಅಂಗಳ ಬಿಟ್ಟು ಹೊರನಡೆಯಿತು. ರೆಫರಿ ಗೋಲನ್ನು ಒಪ್ಪಿದ್ದರು. ಒಪ್ಪದ ಮೇಲೂ ಆಡಿ ಮುಗಿಸುವುದೇ ಆಟದ ಮರ್ಯಾದೆಯಾಗಿತ್ತು. ಅಂಗಳ ಬಿಟ್ಟುಹೋದುದಕ್ಕಾಗಿ ಆ ತಂಡ 4 ಕೋಟಿ ರೂಪಾಯಿ ದಂಡ ತೆರಬೇಕಾಯಿತು.

ಅಭಿಮಾನಿಗಳು ಆ ಗೋಲಿನ ಸರಿತಪ್ಪುಗಳನ್ನು ಕುರಿತು ಇನ್ನೂ ಕಚ್ಚಾಡುತ್ತಿದ್ದಂತೆಯೇ, ಮರುದಿನ ಮಾರ್ಚ್ 4ರಂದು, ಅರೇಬಿಯದ ರಿಯಾದ್ ನಗರದಲ್ಲಿ ಕರ್ನಾಟಕದ ತಂಡ ಮೇಘಾಲಯವನ್ನು 3-2ರಿಂದ ಸೋಲಿಸಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಆ ತಂಡದ ಹುಡುಗರನ್ನು ಹೆಸರು ಹಿಡಿದು ಬಲ್ಲವರು ಬೆಂಗಳೂರಿನಲ್ಲಿಯೂ ವಿರಳವಾಗಿದ್ದರು. ಅದಕ್ಕೆ ಹಿಂದೆ ರಾಜ್ಯ ಆ ಟ್ರೋಫಿಯನ್ನು ಗೆದ್ದದ್ದು 1968-69ರಲ್ಲಿ. ನಾಡಿಗೆ ಆಗ ಮೈಸೂರೆಂಬ ಹೆಸರಿತ್ತು. ಆ ಗೆಲುವನ್ನು ಒಂಬತ್ತನೆಯ ತರಗತಿಯಲ್ಲಿದ್ದಾಗ ಪತ್ರಿಕೆಯಲ್ಲಿ ಓದಿದ ಬಾಲಕನಿಗೆ ಎರಡನೆಯ ಗೆಲುವಿನ ಸುದ್ದಿ ಬರುವ ಹೊತ್ತಿಗೆ ಅರುವತ್ತೆಂಟು ವರ್ಷವಾಗಿತ್ತು.